ಹೂಗ್ಯಂ ಕಾಡಿಗೆ ಮೇಯಲು ಹೋದ ಹಸು

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಐದು ಹುಲಿಗಳ ಶವಗಳು ಸಿಕ್ಕಿದವು. ಒಂದು ತಾಯಿ, ನಾಲ್ಕು ಮರಿ. ಮೀಣ್ಯಂ ಕಡೆಯ ಆ ಕಾಡಿನಲ್ಲಿ ಅವುಗಳ ಆಸುಪಾಸಿನಲ್ಲೇ ಒಂದು ಹಸುವಿನ ಕಳೇಬರವೂ ಇತ್ತು. ತನಿಖೆಯಿಂದ ಹೊರಬಂದ ವಿವರ ಇಷ್ಟು: ಮೇಯಲು ಹೋದ ಹಸುವನ್ನು ಹುಲಿ ಹಿಡಿಯಿತು. ಆ ಸಿಟ್ಟಿಗೆ ಸತ್ತ ಹಸುವಿಗೆ ಕೀಟನಾಶಕ ಹಾಕಲಾಯಿತು. ತಿಂದು ಉಳಿಸಿಹೋಗಿದ್ದ ಬೇಟೆಗೆ ತಾಯಿ ಹುಲಿ ಮರಿಗಳನ್ನೂ ಕರೆದುಕೊಂಡು ಮರಳಿ ಬಂತು.

ಹುಲಿ ಸತ್ತರೆ ದೇಶ ತಿರುಗಿ ನೋಡುತ್ತದೆ, ನೋಡಲೇಬೇಕು. ಅರಣ್ಯ ಸಚಿವ ಈಶ್ವರ ಖಂಡ್ರೆ ತನಿಖೆಗೆ ಆದೇಶಿಸಿದರು. ಕೇಂದ್ರದಿಂದಲೂ ತಂಡ ಬಂತು. ಕೆಲವೇ ದಿನಗಳಲ್ಲಿ ಮೂವರ ಬಂಧನವಾಯಿತು. ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಳಿಂದ ಸಂಬಳವಾಗಿಲ್ಲ ಎಂಬುದು ಸುದ್ದಿಯಾಯಿತು, ಅಧಿಕಾರಿಗಳ ಮೇಲೆ ಕ್ರಮವೂ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಒಂದನೇ ಅನುಸೂಚಿಯ ಪ್ರಾಣಿ. ಅದನ್ನು ಕೊಂದವರಿಗೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಮೊದಲು ಸತ್ತದ್ದು ಹಸು. ಅದರ ವಿಚಾರ ಹೆಚ್ಚಿನ ವರದಿಗಳಲ್ಲಿ ಒಂದೆರಡು ಸಾಲಿಗೆ ಮುಗಿಯಿತು. ಅದು ದಿನಾ ಎಷ್ಟು ದೂರ ನಡೆಯುತ್ತಿತ್ತು, ಬೇಸಿಗೆಯಲ್ಲಿ ಏನು ತಿನ್ನುತ್ತಿತ್ತು, ಎಲ್ಲಿ ನೀರು ಕುಡಿಯುತ್ತಿತ್ತು, ಕಾಲಿಗೆ ಹುಣ್ಣಾದರೆ ಯಾರು ನೋಡುತ್ತಿದ್ದರು? ಈ ಪ್ರಶ್ನೆಗಳನ್ನು ಆಗಲೇ ಯಾರಾದರೂ ಕೇಳಿದ್ದರೆ, ಕೇಳುವುದು ಯಾರದ್ದಾದರೂ ಕೆಲಸವಾಗಿದ್ದರೆ, ಹಸುವೂ ಉಳಿಯುತ್ತಿತ್ತು, ಹುಲಿಗಳೂ ಉಳಿಯುತ್ತಿದ್ದವು ಎಂದು ನಾನು ನಂಬಿದ್ದೇನೆ. ಸಾಕುಪ್ರಾಣಿಗಳ ಬಗ್ಗೆ ನಮ್ಮಲ್ಲಿ ಕಾನೂನುಗಳಿಗೆ ಬರವಿಲ್ಲ. ಆದರೆ ಅವು ಎಚ್ಚರಗೊಳ್ಳುವುದು ಪ್ರಾಣಿ ಸತ್ತಾಗ, ಇಲ್ಲವೇ ಸಾವಿನ ದಾರಿ ಹಿಡಿದಾಗ. ಬದುಕಿರುವ ಹಸುವಿನ ಸಾಮಾನ್ಯ ದಿನವೊಂದು ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ದೊಡ್ಡಿಯ ದಿನಚರಿ

ಹೂಗ್ಯಂ ಇರುವ ಹನೂರು ತಾಲ್ಲೂಕು ಕೊಳ್ಳೇಗಾಲದಿಂದ ಬೇರೆಯಾದದ್ದು ಇತ್ತೀಚೆಗೆ. ಅದಕ್ಕೂ ಹಿಂದೆ, 1956ರ ನವೆಂಬರ್ 1ರವರೆಗೆ, ಇಡೀ ಕೊಳ್ಳೇಗಾಲ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಗೆರೆ ಆಚೀಚೆ ಆದರೂ ದನಗಳ ದಾರಿ ಬದಲಾಗಲಿಲ್ಲ. ಹೂಗ್ಯಂ, ಮೀಣ್ಯಂ, ಮಾರ್ಟಳ್ಳಿ, ಪೊನ್ನಾಚಿ, ಪಾಲಾರ್, ಗೋಪಿನಾಥಂ ಎಲ್ಲವೂ ಕಾಡಿನ ಅಂಚಿನ ಅಥವಾ ಕಾಡಿನೊಳಗಿನ ಊರುಗಳು. ಬೆಟ್ಟದ ಆಚೆ ಬದಿಯಲ್ಲಿ, ತಮಿಳುನಾಡಿನ ಈರೋಡ್ ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ, ಕನ್ನಡವನ್ನೇ ಮನೆಮಾತಾಗಿಸಿಕೊಂಡ ಲಿಂಗಾಯತರು ತಲೆಮಾರುಗಳಿಂದ ಸಾಕಿಕೊಂಡು ಬಂದ ತಳಿಯೇ ಬರಗೂರು. ಕಂದು ಮೈ, ಮೇಲೆ ಬಿಳಿ ಮಚ್ಚೆ, ಕಾಡಿನಲ್ಲಿ ಬೆಳೆದ ಗಟ್ಟಿ ಕಾಲು, ಅಪರಿಚಿತರನ್ನು ಹತ್ತಿರ ಬಿಡದ ಸ್ವಭಾವ. ಈಚೆ, ಕಾವೇರಿ ದಂಡೆಯ ಆಲಂಬಾಡಿ ಊರು ಆಲಂಬಾಡಿ ತಳಿಗೆ ಹೆಸರು ಕೊಟ್ಟಿತು. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕತೆಯಲ್ಲಿ ಬರುವ ಜುಂಜೇಗೌಡ ಇದೇ ಆಲಂಬಾಡಿಯವನು, ದನಕರುಗಳ ಒಡೆಯ. ಈ ಬೆಟ್ಟಗಳ ದೇವರ ಕತೆಯನ್ನು ದನವನ್ನು ಬಿಟ್ಟು ಹೇಳಲಾಗುವುದಿಲ್ಲ.

ದನ ಸಾಕುವ ಪದ್ಧತಿ ದೊಡ್ಡಿಯದು. ಕಾಡಂಚಿನಲ್ಲಿ ಮುಳ್ಳುಬೇಲಿ ಕಟ್ಟಿದ ಬಯಲಿನಲ್ಲಿ ರಾತ್ರಿ ದನ ಕೂಡುತ್ತಾರೆ, ಬೆಳಗ್ಗೆ ಕಾಡಿಗೆ ಬಿಡುತ್ತಾರೆ. ದೊಡ್ಡಿಗೆ ಚಾವಣಿ ಇರುವುದಿಲ್ಲ. ಮಳೆ ಬಂದರೆ ಸಗಣಿ, ಗಂಜಲ, ಕೆಸರು ಒಂದಾಗಿ ಗೊರಸಿನ ಸಂದಿಯಲ್ಲಿ ಕೊಳೆ ಹತ್ತುತ್ತದೆ. ಬೆಳಗ್ಗೆ ಹೊರಟ ಹಿಂಡು ಎಷ್ಟು ದೂರ ಹೋಗಬೇಕೆಂಬುದು ಹುಲ್ಲು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಈಗ ಹುಲ್ಲು ಹತ್ತಿರದಲ್ಲಿಲ್ಲ. ಕಾಡಿನ ನೆಲವನ್ನು ಲಂಟಾನ ಮುಚ್ಚಿದೆ. ಅದರ ಪೊದೆಯ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಇದೇ ಬೆಟ್ಟದಲ್ಲಿ ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ನೆರವಿನಿಂದ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುವ ಸೋಲಿಗರಿದ್ದಾರೆ, ಆದರೆ ಕೈಯಲ್ಲಿ ಕಡಿದು ಮುಗಿಸಬಹುದಾದಷ್ಟು ಕಡಿಮೆ ಅಲ್ಲ ಅದು. ಹಸಿದ ದನ ಕೊನೆಗೆ ಲಂಟಾನದ ಎಲೆಗೇ ಬಾಯಿ ಹಾಕುತ್ತದೆ. ತಿಂದರೆ ಯಕೃತ್ತು ಕೆಡುತ್ತದೆ, ಕಾಮಾಲೆ ಹತ್ತುತ್ತದೆ. ಆಮೇಲೆ ಬಿಸಿಲೇ ಶತ್ರು: ಮೂತಿ, ಕಿವಿ, ಮೈಮೇಲಿನ ಬಿಳಿ ಭಾಗಗಳ ಚರ್ಮ ಸುಲಿದು ಹುಣ್ಣಾಗುತ್ತದೆ. ಮೇವು ಬಿಟ್ಟು ನೆರಳಲ್ಲಿ ನಿಂತುಬಿಡುವ ದನ ನಿಧಾನಕ್ಕೆ ಸೊರಗುತ್ತದೆ. ಹುಲಿ ಹಿಡಿದ ದನ ಲೆಕ್ಕಕ್ಕೆ ಬರುತ್ತದೆ. ಹೀಗೆ ಸೊರಗಿ ಸತ್ತದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ನೀರಿನ ಮಾತೂ ಅಷ್ಟೇ. ಬೇಸಿಗೆಯಲ್ಲಿ ಹಾಲು ಕರೆಯುವ ಹಸುವಿಗೆ ದಿನಕ್ಕೆ 40 ಲೀಟರಿಗೂ ಹೆಚ್ಚು ನೀರು ಬೇಕಾಗಬಹುದು. ಹಳ್ಳ ಬತ್ತಿದ ಮೇಲೆ ಉಳಿಯುವ ಒಂದೆರಡು ಗುಂಡಿಗಳಿಗೆ ಆನೆ, ಕಾಟಿ, ಜಿಂಕೆ, ದನ ಎಲ್ಲವೂ ಬರುತ್ತವೆ. ಹುಲಿಯೂ ಅಲ್ಲಿಗೇ ಬರುತ್ತದೆ, ಬೇಟೆ ಎಲ್ಲಿ ಸಿಗುತ್ತದೆಂದು ಅದಕ್ಕೆ ಗೊತ್ತು. ಕಟ್ಟುಮಸ್ತಾದ ಬರಗೂರು ಹೋರಿಗಿಂತ ಸೊರಗಿದ, ಹಿಂಡಿನಿಂದ ಹಿಂದೆ ಬಿದ್ದ ಹಸು ಸುಲಭವಾಗಿ ಸಿಗುತ್ತದೆ. ಹಸುವಿನ ಆರೋಗ್ಯಕ್ಕೂ ಹುಲಿಯ ಬಾಯಿಗೂ ಸಂಬಂಧವಿದೆ ಎಂದು ನಾನು ಹೇಳುವುದು ಇದಕ್ಕೇ.

ಕಾಡಿನ ಮೃಗಗಳಿಗೂ ಈ ದನಗಳ ಆರೋಗ್ಯ ಬೇಕು. 1968ರಲ್ಲಿ ದೊಡ್ಡರೋಗ ಬಂದು ಬಂಡೀಪುರ, ನಾಗರಹೊಳೆ ಕಾಡುಗಳ ಕಾಟಿಗಳನ್ನು ಬಹುಪಾಲು ಅಳಿಸಿಹಾಕಿತ್ತು. ದಶಕಗಳ ಲಸಿಕೆಯ ದುಡಿಮೆಯಿಂದ ಭಾರತ 2006ರಲ್ಲಿ, ಇಡೀ ಜಗತ್ತು 2011ರಲ್ಲಿ ಆ ರೋಗದಿಂದ ಮುಕ್ತವಾಯಿತು. ಮನುಷ್ಯನಿಗೆ ಸಿಡುಬು ಹೋದಂತೆ ದನಕ್ಕೆ ದೊಡ್ಡರೋಗ ಹೋಯಿತು, ಇಷ್ಟು ದೊಡ್ಡ ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕಿತ್ತು. ಆದರೆ ಕಾಲುಬಾಯಿ ಜ್ವರ ಹೋಗಿಲ್ಲ. 2013ರಲ್ಲಿ ಅದು ರಾಜ್ಯದಲ್ಲಿ ಸಾವಿರಾರು ದನಗಳನ್ನು ಕೊಂದಿತು. 2022ರಲ್ಲಿ ಚರ್ಮಗಂಟು ರೋಗ ಹರಡಿತು. ಊರಿನ ಕೊಟ್ಟಿಗೆಯ ದನಕ್ಕೆ ಲಸಿಕೆ ಹಾಕುವುದು ಸುಲಭ. ದೊಡ್ಡಿಯಲ್ಲಿ ಅರ್ಧ ಕಾಡುಪ್ರಾಣಿಯಂತೆ ಬೆಳೆದ ದನವನ್ನು ಹಿಡಿದು ನಿಲ್ಲಿಸಲು ಆಳು ಬೇಕು, ಕಟಕಟೆ ಬೇಕು, ಪಶುವೈದ್ಯರು ಮುಂಜಾನೆ ಬಿಡುವ ಹೊತ್ತಿಗೇ ಅಲ್ಲಿರಬೇಕು. 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಬರುವ ವ್ಯವಸ್ಥೆ ರಾಜ್ಯದಲ್ಲಿದೆ, ಒಳ್ಳೆಯದೇ. ಆದರೆ ರಸ್ತೆ ನಿಂತಲ್ಲಿ ಆಂಬುಲೆನ್ಸೂ ನಿಲ್ಲುತ್ತದೆ, ಮೊಬೈಲಿಗೆ ಸಿಗ್ನಲ್ ಸಿಗದ ಕಡೆಯಿಂದ ಕರೆಯೇ ಹೋಗುವುದಿಲ್ಲ.

ದನ ಯಾರದು?

ಇಷ್ಟು ಕಷ್ಟದ ಸಾಕಣೆ ಏಕೆ ಮುಂದುವರಿದಿದೆ ಎಂದು ಕೇಳಿದರೆ ಹಾಲು ಅದರ ಪೂರ್ತಿ ಉತ್ತರವಲ್ಲ. ಕೊಳ್ಳೇಗಾಲ, ಯಳಂದೂರಿನ ನೀರಾವರಿ ಊರುಗಳಲ್ಲಿ ಸೀಮೆಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಕುದೇರಿನ ಹಾಲು ಒಕ್ಕೂಟ ಚಾಮುಲ್ ಮೂಲಕ ಬಟವಾಡೆ ಪಡೆಯುವ ಲೆಕ್ಕ ಬೇರೆ. ದೊಡ್ಡಿಯ ನಾಟಿ ದನ ಕರುವಿಗೆ ಬಿಟ್ಟು ಉಳಿಸುವ ಹಾಲು ಸ್ವಲ್ಪವೇ. ಅಲ್ಲಿ ದುಡ್ಡು ಕೊಡುವುದು ಗೊಬ್ಬರ. ಇದೇ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಅಂಚಿನಲ್ಲಿ ವನ್ಯಜೀವಿ ಸಂಶೋಧಕ ಎಂ.ಡಿ. ಮಧುಸೂದನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿದಾಗ ತೋಟಗಳಿಗೆ ಸಗಣಿ ಗೊಬ್ಬರದ ಬೇಡಿಕೆ ಏರಿತು, ಊರಿನ ಹೊಲಕ್ಕೆ ಬೀಳುತ್ತಿದ್ದ ಗೊಬ್ಬರ ಲಾರಿ ಹತ್ತಿತು, ಬಂಡೀಪುರದ ಕಾಡಿಗೆ ಮೇಯಲು ಹೋಗುವ ದನಗಳ ಸಂಖ್ಯೆಯೂ ಏರಿತು. ಎಲ್ಲೋ ದೂರದಲ್ಲಿ ಕಾಫಿ ಕುಡಿಯುವವರಿಗೆ ನಮ್ಮ ಕಾಡಂಚಿನ ದನದ ಪರಿಚಯವೇ ಇಲ್ಲ, ಆದರೆ ದನದ ಪಾಡನ್ನು ತೀರ್ಮಾನಿಸುವವರಲ್ಲಿ ಅವರೂ ಒಬ್ಬರು.

ಗೊಬ್ಬರಕ್ಕೆ ಸಾಕಿದ ದನದ ಪಾಡು ಹಾಲಿಗೆ ಸಾಕಿದ ದನದಂತಿರುವುದಿಲ್ಲ. ಹಾಲಿನ ಹಸುವಿಗೆ ಹಿಂಡಿ, ಬೂಸಾ ಹಾಕದಿದ್ದರೆ ಮರುದಿನವೇ ಪಾತ್ರೆಯಲ್ಲಿ ಗೊತ್ತಾಗುತ್ತದೆ. ಗೊಬ್ಬರದ ದನ ಬದುಕಿದ್ದು ತಿರುಗಾಡುತ್ತಿದ್ದರೆ ಸಾಕು, ತಲೆ ಎಣಿಕೆಯೇ ಆದಾಯ. ಹುಲಿಗಳ ಸಾವಿನ ನಂತರ ಹೊರಬಂದ ಇನ್ನೊಂದು ಸಂಗತಿ ಇದನ್ನು ಇನ್ನಷ್ಟು ತೊಡಕಾಗಿಸಿತು. ನೆರೆರಾಜ್ಯದ ಮಾಲೀಕರ ದನಗಳನ್ನು ಇಲ್ಲಿಯ ಬಡವರು ಕೂಲಿಗೆ ಕಾಯುತ್ತಾರೆ, ನಮ್ಮ ಕಾಡಿನಲ್ಲಿ ಮೇಯಿಸುತ್ತಾರೆ. ಹಾಗಾದರೆ ದನ ಯಾರದು? ಅದಕ್ಕೆ ಜ್ವರ ಬಂದರೆ ಔಷಧಿಯ ದುಡ್ಡು ಯಾರದು? ಹುಲಿ ಹಿಡಿದರೆ ನಷ್ಟ ಯಾರದು? ಕಾಯುವವನು ಮಾಲೀಕನಿಗೆ ಉತ್ತರ ಹೇಳಬೇಕು, ಕೂಲಿಯಲ್ಲಿ ಮುರಿದುಕೊಂಡರೂ ತೆಗೆದುಕೊಳ್ಳಬೇಕು. ಆ ಹೊತ್ತಿಗೆ ಅವನಿಗೆ ಬರುವ ಸಿಟ್ಟು ಹುಲಿಯೊಂದರ ಮೇಲಿನದಲ್ಲ.

50 ರೂಪಾಯಿ

ಸಾಕುಪ್ರಾಣಿಗಳಿಗಾಗಿ ಬಂದ ಮೊದಮೊದಲ ಕಾನೂನುಗಳಲ್ಲೊಂದನ್ನು ಮಾಡಿದ್ದು ಬ್ರಿಟಿಷ್ ಸಂಸತ್ತು, 1822ರಲ್ಲಿ. ದನ, ಕುದುರೆ, ಕುರಿಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದರ ವಿರುದ್ಧದ ಕಾಯ್ದೆ ಅದು. ಭಾರತಕ್ಕೆ 1890ರಲ್ಲಿ ಅಂಥದೊಂದು ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣಿ ದೇವಿ ಅರುಂಡೇಲ್ ಖಾಸಗಿ ಮಸೂದೆ ತಂದರು. ಸರ್ಕಾರವೇ ಮಸೂದೆ ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಆ ಭರವಸೆಯ ಫಲವೇ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು, ರುಕ್ಮಿಣಿ ದೇವಿ ಅದರ ಮೊದಲ ಅಧ್ಯಕ್ಷೆ.

ಆ ಕಾಯ್ದೆಯನ್ನು ಓದಿದರೆ ಬದುಕಿರುವ ಹಸುವಿನ ಬಗ್ಗೆ ಅದರಲ್ಲಿ ಏನೂ ಇಲ್ಲ ಎನ್ನಲಾಗದು. ಪ್ರಾಣಿಯನ್ನು ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬರೂ ಅದರ ಯೋಗಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವಾಗದಂತೆ ತಡೆಯಬೇಕು ಎಂದು 3ನೇ ಕಲಂ ಹೇಳುತ್ತದೆ. ಸಾಕಷ್ಟು ಆಹಾರ, ನೀರು, ನೆರಳು ಕೊಡದ ಮಾಲೀಕ ಅಪರಾಧಿ ಎಂದು 11ನೇ ಕಲಂ ಹೇಳುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬಿಡುವುದೂ ಅಪರಾಧ. 1965ರ ನಿಯಮಗಳಂತೆ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡುವಂತಿಲ್ಲ. ಇದನ್ನು ಬರೆದವರಿಗೆ ಎತ್ತಿನ ಮೈಯ ಕಷ್ಟ ಗೊತ್ತಿತ್ತು.

ಆದರೆ ಶಿಕ್ಷೆ? 11ನೇ ಕಲಮಿನಡಿ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. 50ರ ಮಿತಿ 1960ರಲ್ಲಿ ಬರೆದದ್ದು, ಇಂದಿಗೂ ಅದೇ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೇವು ನೀರು ಕೊಡದೆ ಹಸುವನ್ನು ನರಳಿಸಿದ ಪ್ರಕರಣದಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತೆಯೂ ಇಲ್ಲ, ಆ ಅಧಿಕಾರ ಕಾಯ್ದೆಯ ಕೆಲವೇ ಉಪಕಲಮುಗಳಿಗೆ ಸೀಮಿತ. ದಂಡವನ್ನು ಸಾವಿರಗಳಿಗೆ ಏರಿಸುವ ಕರಡು ಮಸೂದೆಯೊಂದು 2022ರ ನವೆಂಬರಿನಲ್ಲಿ ಜನರ ಅಭಿಪ್ರಾಯಕ್ಕೆ ಬಂತು. ಹಸಿವು ಬಾಯಾರಿಕೆಯಿಂದ, ನೋವು ರೋಗದಿಂದ, ಭಯದಿಂದ, ಅನನುಕೂಲದಿಂದ ಬಿಡುಗಡೆ, ಸಹಜವಾಗಿ ನಡೆದುಕೊಳ್ಳುವ ಸ್ವಾತಂತ್ರ್ಯ ಎಂಬ ಐದನ್ನೂ ಅದು ಸೇರಿಸಿಕೊಂಡಿತ್ತು. ಬ್ರಿಟನ್ನಿನಲ್ಲಿ 1965ರ ಬ್ರಾಂಬೆಲ್ ಸಮಿತಿಯ ವರದಿಯಿಂದ ಬೆಳೆದುಬಂದ ಈ ಐದನ್ನು ನಮ್ಮ ಸುಪ್ರೀಂ ಕೋರ್ಟ್ 2014ರ ಮೇ 7ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿದಿತ್ತು. ಕರಡು ಕರಡಾಗಿಯೇ ಉಳಿಯಿತು.

ದಂಡ ಏರಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 2025ರ ಜನವರಿಯಲ್ಲಿ ಹಸುಗಳ ಕೆಚ್ಚಲು ಕೊಯ್ದಂಥ ಕೃತ್ಯಕ್ಕೆ 50 ರೂಪಾಯಿಯ ಕಾಯ್ದೆ ಸಾಲದು. ಆದರೆ ಹೂಗ್ಯಂನ ದೊಡ್ಡಿಯಲ್ಲಿ ನಿಂತು ಯೋಚಿಸಿದರೆ ದಂಡ 50,000 ಆದರೂ ಅಲ್ಲಿ ಒಂದು ಹಿಡಿ ಹುಲ್ಲು ಹೆಚ್ಚು ಬೆಳೆಯುವುದಿಲ್ಲ. ತನಗೇ ಊಟಕ್ಕೆ ಕಷ್ಟವಿರುವ ದನಗಾಹಿಯನ್ನು ಮೇವು ಕೊಡದ ಅಪರಾಧಕ್ಕೆ ಹಿಡಿದು ಹಾಕುವುದು ನ್ಯಾಯವಾಗಿ ಕಾಣುವುದಿಲ್ಲ. ಸಂವಿಧಾನದ 48ನೇ ವಿಧಿಯನ್ನು ಎಲ್ಲರೂ ಗೋವಧೆಯ ಮಾತಿಗಾಗಿ ಎತ್ತುತ್ತಾರೆ. ಆ ವಿಧಿ ಶುರುವಾಗುವುದು ಮಾತ್ರ ಕೃಷಿ ಮತ್ತು ಪಶುಸಂಗೋಪನೆಯನ್ನು ಆಧುನಿಕ, ವೈಜ್ಞಾನಿಕ ರೀತಿಯಲ್ಲಿ ಸಂಘಟಿಸಲು ರಾಜ್ಯ ಶ್ರಮಿಸಬೇಕು ಎಂದು. ವಾಕ್ಯದ ಕೊನೆಗಾಗಿ ಎಷ್ಟೊಂದು ಹೋರಾಟ ನಡೆದಿದೆ. ಅದರ ಮೊದಲ ಭಾಗಕ್ಕಾಗಿ ಯಾರೂ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ.

ಸಾವಿನ ಸುತ್ತಲ ಕಾನೂನು

ಕರ್ನಾಟಕದ 1964ರ ಕಾಯ್ದೆಯಲ್ಲಿ ಹಸು, ಕರುಗಳ ವಧೆಗೆ ನಿಷೇಧವಿತ್ತು. 12 ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿತು. ಶಿಕ್ಷೆ 3ರಿಂದ 7 ವರ್ಷ ಜೈಲು, 50,000ದಿಂದ 5 ಲಕ್ಷ ರೂಪಾಯಿ ದಂಡ. ಒಂದು ಹಸುವನ್ನು ಕಡಿದವನಿಗೆ ಕನಿಷ್ಠ 50,000. ಅದೇ ಹಸುವನ್ನು ಕಟ್ಟಿಹಾಕಿ ಉಪವಾಸ ಕೆಡವಿದವನಿಗೆ ಮೊದಲ ಸಲ ಗರಿಷ್ಠ 50. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಸೀಮೆಹಸುವಿನ ಗಂಡುಕರು ಸಾಯುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಉಳುವ ಕೆಲಸವಿಲ್ಲ, ಕೊಳ್ಳುವವರಿಲ್ಲ, ಸಾಕಿದರೆ ತಾಯಿಯ ಹಾಲು ಡೇರಿಗೆ ಕಡಿಮೆಯಾಗುತ್ತದೆ. ಹಾಲು ಬಿಡದೆ, ಮೇವು ಹಾಕದೆ ಕೈಬಿಟ್ಟ ಕರುಗಳನ್ನು ನೋಡದ ಡೇರಿ ಊರು ಇರಲಾರದು. ಹೆಣ್ಣುಕರುವೇ ಹುಟ್ಟುವ ಸಾಧ್ಯತೆ ಹೆಚ್ಚಿಸುವ, ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿಗಳು ಈಗ ಸರ್ಕಾರಿ ಯೋಜನೆಯಲ್ಲೇ ಸಿಗುತ್ತಿವೆ. ವಧೆ ನಿಷೇಧದ ಕುರಿತ ಭಾಷಣಗಳಿಗಿಂತ ಆ ಕಡ್ಡಿ ಕರುಗಳ ನರಳಾಟವನ್ನು ಹೆಚ್ಚು ತಗ್ಗಿಸೀತು.

ಸಾಗಣೆಯೂ ಹಾಗೆಯೇ. 1978ರ ಸಾಗಣೆ ನಿಯಮಗಳು ಸಾಮಾನ್ಯ ಲಾರಿಯಲ್ಲಿ 6 ದನಗಳಿಗಿಂತ ಹೆಚ್ಚು ತುಂಬಬಾರದು, ಪಯಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪತ್ರ ಬೇಕು ಎನ್ನುತ್ತವೆ. ಆಡಿ ಮಾಸದಲ್ಲಿ ತಮಿಳುನಾಡಿನ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಬರಗೂರು ದನಗಳು ಹೋಗುವ ದಾರಿಯಲ್ಲಾಗಲಿ, ಕೇರಳದ ಕಡೆ ಹೊರಟ ಲಾರಿಯಲ್ಲಾಗಲಿ ಈ ಲೆಕ್ಕ ಇಡುವವರು ವಿರಳ. ಲಾರಿ ತಡೆದಾಗಲೂ ನಡೆಯುವ ಜಗಳ ದನ ಎಲ್ಲಿಗೆ ಹೋಗುತ್ತಿದೆ ಎಂಬುದರ ಬಗ್ಗೆ; ಹೇಗೆ ಹೋಗುತ್ತಿದೆ ಎಂಬುದು ಹಿಂದೆ ಬೀಳುತ್ತದೆ.

ಈ ಸೀಮೆಯಲ್ಲೇ ಇನ್ನೊಂದು ಉದಾಹರಣೆ ಇದೆ, ಸೂಕ್ಷ್ಮವಾದದ್ದು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿ ಜಾತ್ರೆ, ಐದು ದಿನ. ಮಂಟೇಸ್ವಾಮಿ ಪರಂಪರೆಯ ಈ ಜಾತ್ರೆಯ ಪಂಕ್ತಿಸೇವೆಯಲ್ಲಿ ಜನ ತಮ್ಮ ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ, ಜಾತಿ ಭೇದವಿಲ್ಲದೆ ಸಾಲಾಗಿ ಕೂತು ಉಣ್ಣುತ್ತಾರೆ. ರಾಜ್ಯದ 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಹಿಡಿದು ಜಿಲ್ಲಾಡಳಿತ ಕುರಿ, ಆಡು, ಕೋಳಿ ಒಯ್ಯದಂತೆ ದಾರಿಯಲ್ಲಿ ತಪಾಸಣೆ ಮಾಡುತ್ತದೆ. ಇದು ಬಲಿಯಲ್ಲ, ಊಟ ಎಂದು ಆ ಪರಂಪರೆಯ ಗಾಯಕರಾದ ನೀಲಗಾರರು, ಒಕ್ಕಲಿನವರು ವಾದಿಸುತ್ತಾರೆ. ನನಗೆ ಅವರ ವಾದದಲ್ಲಿ ಹುರುಳು ಕಾಣುತ್ತದೆ. ಊಟಕ್ಕಾಗಿ ಕೊಲ್ಲುವುದನ್ನು 1960ರ ಕಾಯ್ದೆಯೇ ಬಿಟ್ಟಿದೆ, ಅನಗತ್ಯ ನೋವು ಕೊಡಬಾರದು ಎಂಬುದಷ್ಟೇ ಅದರ ಷರತ್ತು. ತಪಾಸಣೆಗೆ ಹೆದರಿ ಆಡನ್ನು ಚೀಲದಲ್ಲಿ ತುರುಕಿ, ಕೋಳಿಗಳ ಕಾಲು ಕಟ್ಟಿ ವಾಹನದ ಸೀಟಿನಡಿ ಅಡಗಿಸಿದರೆ ಪ್ರಾಣಿಗೆ ಆಗುವ ಹಿಂಸೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಪಶುವೈದ್ಯರನ್ನು ನಿಲ್ಲಿಸಿ, ನೀರು ನೆರಳು ಕೊಟ್ಟು, ಒಂದು ಜಾಗ ಗೊತ್ತುಮಾಡಿ, ನುರಿತವರಿಂದಲೇ ಕೆಲಸ ಮಾಡಿಸಿದರೆ ಆ ಪ್ರಾಣಿಗೆ ಆಗುವ ಉಪಕಾರ ನಿಷೇಧದ ಫಲಕದಿಂದ ಆಗುವುದಿಲ್ಲ.

ವಿಷ

ಹೂಗ್ಯಂಗೆ ದೂರವಲ್ಲದ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು. ಅನ್ನದಲ್ಲಿ ಬೆರೆತಿದ್ದದ್ದು ಕೀಟನಾಶಕ. ಏಳು ವರ್ಷ ತುಂಬುವ ಮೊದಲೇ ಅದೇ ಸೀಮೆಯಲ್ಲಿ ಹುಲಿಗಳಿಗೆ ವಿಷ ಬಿತ್ತು. ಮುಸುಕಿನ ಜೋಳದ, ಹತ್ತಿಯ, ತರಕಾರಿಯ ಹೊಲಗಳಿಗೆಂದು ತಂದ ಬಾಟಲಿ, ಪುಡಿಗಳು ಮನೆಯ ಮೂಲೆಯಲ್ಲಿ ಸಿಟ್ಟಿನ ಕೈಗೆ ಎಟುಕುವಂತೆ ಕೂತಿರುತ್ತವೆ. ಇಂಥ ಅನೇಕ ಕೀಟನಾಶಕಗಳು ನರಗಳನ್ನು ಹಿಡಿಯುತ್ತವೆ. ಜೊಲ್ಲು ಸುರಿಯುತ್ತದೆ, ಮೈ ಅದುರುತ್ತದೆ, ಉಸಿರು ಕಟ್ಟುತ್ತದೆ. ಮನುಷ್ಯನಿಗೂ, ಹುಲಿಗೂ, ಹದ್ದಿಗೂ, ನಾಯಿಗೂ ಅದೇ ನರಳಾಟ. ಮಾದಪ್ಪನ ವಾಹನ ಹುಲಿ. ಬೆಟ್ಟಕ್ಕೆ ಹೋದವರಲ್ಲಿ ಅನೇಕರು ಹುಲಿವಾಹನದ ಸೇವೆ ಮಾಡಿಸುತ್ತಾರೆ. ಆ ನೆಲದಲ್ಲಿ ಹುಲಿಗೆ ವಿಷವಿಡುವ ಮಟ್ಟಕ್ಕೆ ಒಬ್ಬನ ಮನಸ್ಸು ಕೆಟ್ಟಿತೆಂದರೆ ಅವನನ್ನು ಶಿಕ್ಷಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಶಿಕ್ಷೆಯಾಗಬೇಕು. ಹಸು ಸತ್ತ ದಿನದಿಂದ ವಿಷ ಬೀಳುವ ಗಳಿಗೆಯವರೆಗೆ ಅವನ ಬಳಿಗೆ ಯಾರು ಹೋಗಬೇಕಿತ್ತು ಎಂಬುದೂ ಗೊತ್ತಾಗಬೇಕು.

ಆ ಅವಧಿ ತೀರ ಚಿಕ್ಕದು. ಹುಲಿ ತನ್ನ ಬೇಟೆಗೆ ಮರಳುವುದು ಸಾಮಾನ್ಯವಾಗಿ ಅದೇ ರಾತ್ರಿ ಅಥವಾ ಮರುರಾತ್ರಿ. ಪರಿಹಾರದ ಕಡತ ನಡೆಯುವ ವೇಗ ಬೇರೆ: ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡಬೇಕು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ಫೋಟೋ, ಅರ್ಜಿ, ಬ್ಯಾಂಕ್ ಪುಸ್ತಕ. ಹಸು ಸತ್ತದ್ದು ಕಾಡಿನೊಳಗಾದರೆ ಮೊದಲ ಪ್ರಶ್ನೆಯೇ ಅದು ಅಲ್ಲಿಗೆ ಹೋದದ್ದೇಕೆ ಎಂಬುದು. ದನ ಕಳೆದುಕೊಂಡವನು ಅಪರಾಧಿಯಂತೆ ನಿಲ್ಲಬೇಕಾದರೆ ಅವನು ಕಚೇರಿಗೆ ಹೋಗುವುದೇ ಇಲ್ಲ.

ಬೇರೆ ದಾರಿಗಳು ನಮ್ಮ ಜಿಲ್ಲೆಯಲ್ಲೇ ಇವೆ. ಬಂಡೀಪುರದ ಮಂಗಲದಲ್ಲಿ ಸುನೀತಾ ಧೈರ್ಯಂ ಕಟ್ಟಿದ ಮಾರಿಯಮ್ಮ ಚಾರಿಟಬಲ್ ಟ್ರಸ್ಟ್, ಹುಲಿ ಚಿರತೆ ಹಿಡಿದ ದನಗಳ ಮಾಲೀಕರಿಗೆ ಸರ್ಕಾರದ ಪರಿಹಾರ ಬರುವ ಮೊದಲೇ ಕೈಗೆ ಸ್ವಲ್ಪ ಹಣ ಸಿಗುವಂತೆ ಮಾಡಿದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನ 'ವೈಲ್ಡ್ ಸೇವೆ' 2015ರಿಂದ ಬಂಡೀಪುರ, ನಾಗರಹೊಳೆಯ ಸುತ್ತ ಒಂದು ಫೋನ್ ಕರೆಗೆ ಮನೆಗೇ ಬಂದು ಅರ್ಜಿ ತುಂಬಿಕೊಡುತ್ತದೆ. ಸಣ್ಣ ಮೊತ್ತವಾದರೂ ಆ ದಿನವೇ ಸಿಕ್ಕರೆ, ಯಾರಾದರೂ ಬಂದು ಸತ್ತ ದನದ ಪಕ್ಕ ನಿಂತರೆ, ಕೀಟನಾಶಕದ ಬಾಟಲಿ ಮೂಲೆಯಲ್ಲೇ ಉಳಿಯುತ್ತದೆ.

ಸರ್ಕಾರ ಹಿಡಿದ ದಾರಿ ಬೇರೆ. 2025ರ ಜುಲೈನಲ್ಲಿ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂಬ ಸೂಚನೆ ಹೊರಟಿತು. ಮದ್ರಾಸ್ ಹೈಕೋರ್ಟ್ 2022ರ ಮಾರ್ಚಿನಲ್ಲಿ ತಮಿಳುನಾಡಿನ ಎಲ್ಲ ಕಾಡುಗಳಿಗೆ ಮೊದಲು ಅನ್ವಯಿಸಿ, ಆಮೇಲೆ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿದ ಆದೇಶವೇ ಅದಕ್ಕೆ ಆಧಾರ. ರೈತರು ಪ್ರತಿಭಟಿಸಿದರು, ನೆರೆರಾಜ್ಯದ ದೊಡ್ಡ ಹಿಂಡುಗಳನ್ನು ತಡೆಯುವುದೇ ಉದ್ದೇಶ ಎಂದು ಆಮೇಲೆ ವಿವರಣೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಬದುಕುವವರಿಗೆ ಮೇಯಿಸುವ ಹಕ್ಕನ್ನು ಹೆಸರಿಸಿಯೇ ಕೊಟ್ಟಿದೆ ಎಂಬುದನ್ನೂ ಮರೆಯುವಂತಿಲ್ಲ. ಇದನ್ನು ದನದ ಕಡೆಯಿಂದ ನೋಡಿದರೆ ಇನ್ನೊಂದು ಮಾತಿದೆ. ನಾಳೆ ಬೆಳಗ್ಗೆ ಕಾಡಿನ ಬಾಗಿಲು ಮುಚ್ಚಿದರೆ ದೊಡ್ಡಿಯ ದನ ಏನು ತಿನ್ನಬೇಕು? 2017ರ ಬರದಲ್ಲಿ ಈ ಬೆಟ್ಟಗಳ ದನಗಳಿಗೆ ಮೇವಿನ ಕೇಂದ್ರಗಳೇ ಗತಿಯಾದವು, ರಾಮಚಂದ್ರಾಪುರ ಮಠ ದೂರದಿಂದ ಮೇವು ಹೊರಿಸಿ ತರಬೇಕಾಯಿತು. ಮೇವಿನ ಏರ್ಪಾಡಿಲ್ಲದೆ ಕಾಡು ಮುಚ್ಚುವುದು 11ನೇ ಕಲಂ ಅಪರಾಧವೆಂದು ಕರೆಯುವ ಕೆಲಸವನ್ನೇ ಸರ್ಕಾರದ ಆದೇಶದಿಂದ ಮಾಡಿಸಿದಂತಾಗುತ್ತದೆ. ಮೇಯಿಸುವುದನ್ನು ತಡೆಯುವ ಸೂಚನೆ ಹೊರಟ ಮೇಲೂ, 2025ರ ಅಕ್ಟೋಬರ್ ಆರಂಭದಲ್ಲೇ, ಹನೂರು ವಲಯದ ಪಚ್ಚೆದೊಡ್ಡಿ ಬಳಿ ಇನ್ನೊಂದು ಹುಲಿಯ ಶವ ತುಂಡು ತುಂಡಾಗಿ ಸಿಕ್ಕಿತು.

ಕಾಡಿನಲ್ಲಿ ದನ ಕಡಿಮೆಯಾಗಬೇಕು, ಇದರಲ್ಲಿ ನನಗೆ ಅನುಮಾನವಿಲ್ಲ. ಹುಲಿಗೂ ಒಳ್ಳೆಯದು, ದನಕ್ಕೂ ಒಳ್ಳೆಯದು. ಆದರೆ ಅದು ಕ್ರಮವಾಗಿ ಆಗಬೇಕು. ಬರಗೂರು, ಆಲಂಬಾಡಿಯಂಥ ತಳಿಯ ದನಗಳನ್ನು ಸಾಕುವ ಸ್ಥಳೀಯರಿಗೆ ಮೊದಲ ಅವಕಾಶ, ಕಂದಾಯ ಭೂಮಿಯಲ್ಲಿ, ಕೆರೆ ಅಂಗಳದಲ್ಲಿ ಮೇವು, ಬೇಸಿಗೆಗೆ ಮುಂಚೆ ದೊಡ್ಡಿಯ ಬಳಿಯೇ ನೀರಿನ ತೊಟ್ಟಿ, ಮಳೆಗೆ ಮುಂಚೆ ಅರ್ಧ ದೊಡ್ಡಿಗಾದರೂ ಚಾವಣಿ, ಲಸಿಕೆಗೆ ಕಟಕಟೆ. ಇವು ಪಶುಸಂಗೋಪನಾ ಇಲಾಖೆಯ ಕೆಲಸಗಳು. ಹೂಗ್ಯಂನ ಘಟನೆಯ ನಂತರ ಆ ಇಲಾಖೆಯನ್ನು ಯಾರೂ ಪ್ರಶ್ನಿಸಲಿಲ್ಲ, ಎಲ್ಲ ಪ್ರಶ್ನೆಗಳೂ ಅರಣ್ಯ ಇಲಾಖೆಗೆ ಹೋದವು. ಹುಲಿಗಳ ಪ್ರಕರಣ ಶುರುವಾದದ್ದು ಒಂದು ಸಾಕುಪ್ರಾಣಿಯಿಂದ ಎಂಬುದನ್ನು ಗಮನಕ್ಕೆ ತಂದುಕೊಂಡಿದ್ದರೆ ಎರಡೂ ಇಲಾಖೆಗಳು ಒಂದೇ ಜೀಪಿನಲ್ಲಿ ಬರುತ್ತಿದ್ದವು.

ದನ ಯಾರದು ಎಂಬ ಪ್ರಶ್ನೆಗೂ ಉತ್ತರ ಸಿದ್ಧವಾಗಿಯೇ ಇದೆ. ಲಸಿಕೆ ಹಾಕುವಾಗ ದನದ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ, ಮಾಲೀಕನ ಹೆಸರು ಅದರೊಂದಿಗೆ ದಾಖಲಾಗುತ್ತದೆ. ಹೂಗ್ಯಂ, ಮೀಣ್ಯಂ, ಪೊನ್ನಾಚಿಯ ದೊಡ್ಡಿಗಳಲ್ಲಿ ಪ್ರತಿ ದನಕ್ಕೂ ಈ ಬಿಲ್ಲೆ ಬೀಳಲಿ, ಕಾಯುವವನ ಹೆಸರಿನ ಪಕ್ಕ ನಿಜವಾದ ಮಾಲೀಕನ ಹೆಸರೂ ಇರಲಿ. ಆಗ 3ನೇ ಕಲಮಿನ ಯೋಗಕ್ಷೇಮದ ಹೊಣೆ ಅಂತಿಯೂರಿನಲ್ಲೋ ಮೆಟ್ಟೂರಿನಲ್ಲೋ ಕೂತು ಗೊಬ್ಬರದ ದುಡ್ಡು ಎಣಿಸುವವರ ಮೇಲೆ ಬರುತ್ತದೆ, ಔಷಧಿಯ ಖರ್ಚೂ ಅವರದೇ ಆಗುತ್ತದೆ, ಹುಲಿ ಹಿಡಿದ ದನದ ನಷ್ಟವನ್ನು ದನಗಾಹಿಯ ಕೂಲಿಯಿಂದ ಮುರಿದುಕೊಳ್ಳುವುದು ನಿಲ್ಲುತ್ತದೆ.